ಕ್ಯಾಮೆರಾ ಕೆಮ್ಮುವುದಿಲ್ಲ

ಹುಬ್ಬಳ್ಳಿಯ ಲಾಡ್ಜೊಂದರಲ್ಲಿ ಕೌಂಟರ್ ಪಕ್ಕದ ಗೋಡೆಗೆ ಒಂದು ದೊಡ್ಡ ಟಿವಿ ಹಾಕಿದ್ದರು. ಅದರಲ್ಲಿ 16 ಚೌಕ. ಒಂದರಲ್ಲಿ ಮೆಟ್ಟಿಲು, ಒಂದರಲ್ಲಿ ಬೈಕ್ ನಿಲ್ಲಿಸುವ ಜಾಗ, ಇನ್ನೊಂದರಲ್ಲಿ ಅಡುಗೆಮನೆಯ ಬಾಗಿಲು. ಎರಡನೇ ಮಹಡಿಯ ಕಾರಿಡಾರ್ ತೋರಿಸುವ ಚೌಕದಲ್ಲಿ ನಮ್ಮ ಅವ್ವ ಕಾಣಿಸಿದಳು.

ಕಣ್ಣಿನ ಪೊರೆಯ ಆಪರೇಷನ್ ಆಗಿ ಅದು ಎರಡನೇ ದಿನ. ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಕೈ ಗೋಡೆಗೆ ಊರಿ, ನನ್ನನ್ನು ಹುಡುಕಿಕೊಂಡು ನಿಧಾನಕ್ಕೆ ಬರುತ್ತಿದ್ದಳು. ಸೆರಗು ಜಾರಿತ್ತು. ಕಣ್ಣು ಮಂಜಾಗಿದ್ದರಿಂದ ಅದು ಅವಳಿಗೆ ಗೊತ್ತಾಗಿರಲಿಲ್ಲ. ಕೆಳಗೆ ಸೋಫಾದಲ್ಲಿ ನಾಲ್ಕು ಜನ ಕೂತಿದ್ದರು. ಚಹಾ ತಂದ ಹುಡುಗ ಪಕ್ಕದಲ್ಲಿ ನಿಂತಿದ್ದ. ಐದೂ ಜನರ ಕಣ್ಣು ಟಿವಿಯ ಮೇಲೆ. ಅವರ್ಯಾರೂ ಕೆಟ್ಟವರಲ್ಲ. ಎದುರಿಗೆ ಟಿವಿ ಓಡುತ್ತಿದ್ದರೆ ಯಾರಾದರೂ ನೋಡುತ್ತಾರೆ. ಅವ್ವ ಕಾಣುವವರೆಗೆ ನಾನೂ ಅದನ್ನೇ ನೋಡುತ್ತಾ ಕೂತಿದ್ದೆ.

ಎರಡು ಮಹಡಿ ಓಡಿ ಹತ್ತಿದೆ. ಅವಳ ಸೆರಗು ಸರಿ ಮಾಡಿ ರೂಮಿಗೆ ಕರೆದುಕೊಂಡು ಹೋದೆ. ಹಾಗೆ ಮಾಡಿದ್ದನ್ನೂ ಕೆಳಗಿನವರು ನೋಡಿರುತ್ತಾರೆ. ಅವ್ವನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. ಹೇಳಿದರೆ ಇನ್ನೊಂದು ಕಣ್ಣಿನ ಆಪರೇಷನ್ನೇ ಬೇಡ ಅನ್ನುತ್ತಾಳೆ.

ನಾನು ಧಾರವಾಡದಲ್ಲಿ ಹುಟ್ಟಿ ಬೆಳೆದವನು. 19 ವರ್ಷದಿಂದ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಕೆಲಸದ ಮೇಲೆ ಊರೂರು ತಿರುಗುತ್ತೇನೆ. ವರ್ಷಕ್ಕೆ ಎಂಬತ್ತು ರಾತ್ರಿಯಾದರೂ ಹೋಟೆಲ್‌ಗಳಲ್ಲೇ ಮಲಗುತ್ತೇನೆ. ಧಾರವಾಡದ ಮನೆ ಈಗ ನಮ್ಮದಾಗಿ ಉಳಿದಿಲ್ಲ. ಅಪ್ಪ ಹೋದ ಮೇಲೆ ಅವ್ವ ಗದಗಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಆಪರೇಷನ್ ಆಗಿದ್ದು ಹುಬ್ಬಳ್ಳಿಯಲ್ಲಿ. ಮರುದಿನ ಒಮ್ಮೆ, ಮೂರನೇ ದಿನ ಒಮ್ಮೆ ಮತ್ತೆ ತೋರಿಸಬೇಕಿತ್ತು. ಆ ಸ್ಥಿತಿಯಲ್ಲಿ ಸುಮಾರು 60 ಕಿಲೋಮೀಟರ್ ದಿನಾ ಓಡಾಡಿಸುವುದು ಬೇಡ ಅಂತ ಆಸ್ಪತ್ರೆ ಹತ್ತಿರವೇ ರೂಮ್ ಹಿಡಿದೆ.

ಆ ಲಾಡ್ಜಿನ ಹೆಸರು ಬೇಡ. ರೂಮು ಸ್ವಚ್ಛವಾಗಿತ್ತು. ಬಿಸಿನೀರು ಬರುತ್ತಿತ್ತು. ಅವ್ವನಿಗೆ ಅಂತ ಮೆತ್ತಗಿನ ಅನ್ನ, ಖಾರ ಇಲ್ಲದ ಸಾರು ಮಾಡಿಸಿ ಕೊಟ್ಟರು. ಅಲ್ಲಿನ ಜನರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿನ ಪದ್ಧತಿಯ ಬಗ್ಗೆ ಮಾತಾಡಬೇಕಿದೆ. ಅದೇ ಪದ್ಧತಿಯನ್ನು ಗದಗಿನಲ್ಲೂ ಹಾವೇರಿಯಲ್ಲೂ ಕಂಡಿದ್ದೇನೆ.

ಮೊದಲ ರಾತ್ರಿಯಿಂದಲೇ ಹೇಳುತ್ತೇನೆ. ಕೌಂಟರಿನಲ್ಲಿ ಮ್ಯಾನೇಜರ್ ಕೇಳಿದರು: "ಆಧಾರ್ ಝೆರಾಕ್ಸ್ ಐತೇನ್ರಿ ಸರ್? ಇಲ್ಲಂದ್ರ ಅಡ್ಡಿ ಇಲ್ಲ, ಫೋಟೊ ತಗದು ಈ ನಂಬರಿಗೆ ವಾಟ್ಸಾಪ್ ಮಾಡ್ರಿ." ಆ ನಂಬರ್ ಲಾಡ್ಜಿನದ್ದಲ್ಲ, ಅವರದ್ದೇ. ಅವರ ಮೊಬೈಲಿನಲ್ಲಿ, ಅವರ ಮಕ್ಕಳ ಹುಟ್ಟುಹಬ್ಬದ ಫೋಟೊಗಳ ಜೊತೆಗೆ ನಮ್ಮ ಅವ್ವನ ಆಧಾರ್ ಕಾರ್ಡ್ ಹೋಗಿ ಕೂತಿತು. ಇವತ್ತಿಗೂ ಅಲ್ಲೇ ಇರಬಹುದು.

ಆಮೇಲೆ ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು. ಉದ್ದನೆಯ ಪುಸ್ತಕ. ಹೆಸರು, ಊರು, ಮೊಬೈಲ್ ನಂಬರ್, ಎಷ್ಟು ಜನ, ಬಂದ ಕಾರಣ, ರೂಮ್ ನಂಬರ್. ನನ್ನ ಸಾಲಿನ ಮೇಲಿನ ಸಾಲು ಒಬ್ಬ ಹುಡುಗಿಯದ್ದು. ಹಾವೇರಿ ಕಡೆಯವಳು. ಬಂದ ಕಾರಣ: ಪರೀಕ್ಷೆ. ಎಷ್ಟು ಜನ: ಒಂದು. ರೂಮ್ ನಂಬರ್, ಮೊಬೈಲ್ ನಂಬರ್ ಎರಡೂ ಗುಂಡಗಿನ ಚೆಂದದ ಅಕ್ಷರದಲ್ಲಿ. ಓದಬೇಕು ಅಂತ ನಾನು ಓದಲಿಲ್ಲ, ಬರೆಯಲು ಬಗ್ಗಿದವರಿಗೆ ಅದು ಕಣ್ಣಿಗೆ ಬೀಳುತ್ತದೆ. ಒಬ್ಬಳೇ ಬಂದ ಹುಡುಗಿ ಯಾವ ರೂಮಿನಲ್ಲಿದ್ದಾಳೆ, ಅವಳ ಫೋನ್ ನಂಬರ್ ಏನು ಅನ್ನೋದು ಅವಳ ನಂತರ ಪೆನ್ನು ಹಿಡಿದ ಪ್ರತಿಯೊಬ್ಬನಿಗೂ ಗೊತ್ತಾಯಿತು.

ಕೊನೆಗೆ ಮ್ಯಾನೇಜರ್ ಜೋರಾಗಿ ಕೂಗಿದರು: "ಏ ತಮ್ಮಾ, ಎರಡ್ನೂರಾ ಐದು! ಅಜ್ಜಿ ಕೈ ಹಿಡಕೊಂಡು ಕರಕೊಂಡ ಹೋಗು." ಅದರಲ್ಲಿ ಪ್ರೀತಿ ಇತ್ತು. ಆದರೆ ಸೋಫಾದಲ್ಲಿದ್ದವರಿಗೆಲ್ಲ ನಮ್ಮ ರೂಮ್ ನಂಬರ್ ಕೇಳಿಸಿತು.

ನಾನು ಉಳಿಯುವ ಅಮೆರಿಕದ ಹೋಟೆಲ್‌ಗಳಲ್ಲಿ ರೂಮ್ ನಂಬರನ್ನು ಬಾಯಲ್ಲಿ ಹೇಳುವುದು ಕಡಿಮೆ. ಕೀ ಕಾರ್ಡನ್ನು ಒಂದು ಸಣ್ಣ ಕಾಗದದ ಲಕೋಟೆಯಲ್ಲಿ ಇಡುತ್ತಾರೆ. ಅದರ ಒಳಗೆ ನಂಬರ್ ಬರೆದು, ನನ್ನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸುತ್ತಾರೆ. ಮೊದಲ ಕೆಲವು ವರ್ಷ ಇದೆಲ್ಲ ಸುಮ್ನೆ ಶಿಷ್ಟಾಚಾರ ಅಂದುಕೊಂಡಿದ್ದೆ. ಇದರ ಹಿಂದೆ ಭಯ ಇದೆ ಅಂತ ಗೊತ್ತಾಗಿದ್ದು ಆಮೇಲೆ. ಎರಿನ್ ಆಂಡ್ರೂಸ್ ಅಂತ ಅಲ್ಲಿನ ಟಿವಿ ಕ್ರೀಡಾ ವರದಿಗಾರ್ತಿ. 2008ರಲ್ಲಿ ನ್ಯಾಶ್‌ವಿಲ್ ಊರಿನ ಹೋಟೆಲಿನಲ್ಲಿ ಉಳಿದಿದ್ದರು. ಅವರ ಬೆನ್ನು ಹತ್ತಿದ್ದ ಒಬ್ಬ ಮನುಷ್ಯ ಅವರ ಪಕ್ಕದ ರೂಮೇ ಬೇಕು ಅಂತ ಕೇಳಿದ. ಹೋಟೆಲಿನವರು ಕೊಟ್ಟರು. ಎರಿನ್ ಅವರಿಗೆ ಒಂದು ಮಾತೂ ತಿಳಿಸಲಿಲ್ಲ. ಅವನು ಬಾಗಿಲಿನಲ್ಲಿ ಹೊರಗೆ ನೋಡಲು ಇರುವ ಕಿಂಡಿಯನ್ನೇ ತಿರುಚಿ, ಅದರ ಮೂಲಕ ಅವರು ಬಟ್ಟೆ ಬದಲಿಸುವುದನ್ನು ಚಿತ್ರ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ. 2016ರ ಮಾರ್ಚ್‌ನಲ್ಲಿ ಕೋರ್ಟಿನ ಜ್ಯೂರಿ 5.5 ಕೋಟಿ ಡಾಲರ್ ಪರಿಹಾರ ಅಂತ ತೀರ್ಮಾನಿಸಿತು. ಅದರಲ್ಲಿ ನೂರಕ್ಕೆ 51 ಪಾಲು ತಪ್ಪು ಆ ಮನುಷ್ಯನದ್ದು, 49 ಪಾಲು ಹೋಟೆಲ್ ನಡೆಸುವವರದ್ದು ಅಂತ ಹೇಳಿತು. ಚಿತ್ರ ತೆಗೆದವನು ಹೊರಗಿನವನು. ಆದರೂ ಸುಮಾರು ಅರ್ಧ ತಪ್ಪು ಕೌಂಟರಿನ ಮೇಲೆ ಬಿತ್ತು. ನಮ್ಮ ಕಡೆ ಹೋಟೆಲಿನ ಪ್ರೈವಸಿ ಅಂದ ಕೂಡಲೇ ಎಲ್ಲರೂ ಬಲ್ಬಿನಲ್ಲಿ ಕ್ಯಾಮೆರಾ ಇದೆಯಾ ಅಂತ ಹುಡುಕುತ್ತಾರೆ. ಗುಟ್ಟು ಮೊದಲು ಬಯಲಾಗುವುದು ಕೌಂಟರಿನಲ್ಲಿ.

ಈ ಮಾತನ್ನು ಗದಗಿನಲ್ಲಿ ನೆಂಟರ ಮುಂದೆ ಆಡಿದೆ. ಒಬ್ಬರು ಅಂದರು: "ಪ್ರೈವಸಿ ಅನ್ನೋದು ನಿಮ್ಮ ಅಮೆರಿಕಾದ್ದು. ನಮ್ಮಲ್ಲೆ ಎಲ್ಲಾರೂ ಎಲ್ಲಾರಿಗೂ ಗೊತ್ತಿರತಾರ." ಈ ಮಾತು ನನ್ನನ್ನು ಬಹಳ ದಿನ ಕೊರೆಯಿತು. ಯಾಕೆಂದರೆ ಅದು ನಿಜ ಅಲ್ಲ.

ಧಾರವಾಡದಲ್ಲಿ ನಮ್ಮದು ಹಳೇ ಕಾಲದ ಮನೆ. ಪಡಸಾಲೆ, ಅದರಾಚೆ ನಡುಮನೆ, ಅದರಾಚೆ ಅಡುಗೆಮನೆ. ಬಾಗಿಲುಗಳಿಗೆ ಚಿಲಕ ಹಾಕಿದ್ದೇ ನೆನಪಿಲ್ಲ. ಆದರೆ ನಮ್ಮ ಅಜ್ಜ ಪಡಸಾಲೆ ದಾಟಿ ಒಳಗೆ ಬರುವಾಗ ಹೊಸ್ತಿಲ ಹತ್ತಿರ ನಿಂತು ಕೆಮ್ಮುತ್ತಿದ್ದರು. ಕೆಮ್ಮು ಇಲ್ಲದಿದ್ದರೂ ಕೆಮ್ಮುತ್ತಿದ್ದರು. ಒಳಗೆ ಹೆಣ್ಣುಮಕ್ಕಳು ಸೆರಗು ಸರಿ ಮಾಡಿಕೊಳ್ಳಲಿ, ಮಾತು ಬದಲಿಸಿಕೊಳ್ಳಲಿ, ಅಳುತ್ತಿದ್ದರೆ ಕಣ್ಣು ಒರೆಸಿಕೊಳ್ಳಲಿ ಅಂತ. ಒಂದು ಕ್ಷಣ ಬಿಟ್ಟು ಒಳಗೆ ಕಾಲಿಡುತ್ತಿದ್ದರು. ಅದು ಅವರ ಮನೆ, ಅವರೇ ಯಜಮಾನರು. ಆದರೂ ಕೆಮ್ಮುತ್ತಿದ್ದರು. ಪಕ್ಕದ ಮನೆಯವರು ಬಂದರೆ ಹೊರಗಿನಿಂದಲೇ "ಯಾರದಾರ್ರಿ ಒಳಗ?" ಅಂತ ಕೂಗುತ್ತಿದ್ದರು. ಬಾಣಂತಿ ಇದ್ದ ಕೋಣೆಗೆ ಪರದೆ ಬೀಳುತ್ತಿತ್ತು. ಊಟಕ್ಕೆ ಕೂತವರ ತಾಟನ್ನು ದಿಟ್ಟಿಸಿ ನೋಡಬಾರದು ಅಂತ ಮಕ್ಕಳಿಗೆ ಗದರುತ್ತಿದ್ದರು. ಇದಕ್ಕೆಲ್ಲ ಪ್ರೈವಸಿ ಅಂತ ಯಾರೂ ಹೆಸರಿಟ್ಟಿರಲಿಲ್ಲ. ನಾನು ಬರ್ತಿದ್ದೀನಿ, ನೋಡ್ತಿದ್ದೀನಿ ಅಂತ ಮೊದಲು ತಿಳಿಸಬೇಕು ಅನ್ನೋದು ನಮ್ಮ ಮನೆಗಳ ರೀತಿಯೇ ಆಗಿತ್ತು.

ಕ್ಯಾಮೆರಾ ಕೆಮ್ಮುವುದಿಲ್ಲ. ನನ್ನ ತಕರಾರು ಇಷ್ಟೇ. ಅದು ಇರಲಿ, ಆದರೆ ಅದರ ಪರವಾಗಿ ಯಾರಾದರೂ ಕೆಮ್ಮಬೇಕು. ಬಾಗಿಲಲ್ಲಿ, ಕಾರಿಡಾರಿನ ತುದಿಯಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಬೇಕು: ಇಲ್ಲಿ ಕ್ಯಾಮೆರಾ ಇದೆ, ಇಂಥವರು ನೋಡುತ್ತಾರೆ, ಇಷ್ಟು ದಿನ ಇಡುತ್ತೇವೆ. ಅವ್ವನಿಗೆ ಅದನ್ನು ಓದಿ ಹೇಳಿದ್ದರೆ ರೂಮಿನ ಬಾಗಿಲಲ್ಲೇ ಸೆರಗು ಸರಿಯಾಗಿ ಹೊದ್ದುಕೊಳ್ಳುತ್ತಿದ್ದಳು.

ಇದು ಅಮೆರಿಕದ್ದು ಅನ್ನುವವರಿಗೆ ಇನ್ನೊಂದು ಮಾತು ನೆನಪಿಸಬೇಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಕೇಸಿಗೆ ಯಾರ ಹೆಸರಿದೆ ಗೊತ್ತಲ್ವಾ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದ್ದು. 2012ರಲ್ಲಿ ಅವರು ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ನಮ್ಮ ಅಜ್ಜನ ತಲೆಮಾರಿನವರು.

ಹುಬ್ಬಳ್ಳಿ-ಧಾರವಾಡದ ಲಾಡ್ಜುಗಳಲ್ಲಿ ಯಾರು ಉಳಿಯುತ್ತಾರೆ ಅಂತ ಒಮ್ಮೆ ಯೋಚಿಸಿ. ಇದು ಗೋವಾ ಅಲ್ಲ. ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ರೋಗಿಯನ್ನು ಸೇರಿಸಿ ರಾತ್ರಿ ಮಲಗಲು ಜಾಗ ಹುಡುಕುವವರು ಬರುತ್ತಾರೆ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಳ್ಳಾರಿ, ಕಾರವಾರ, ಬೆಳಗಾವಿ ಕಡೆಯಿಂದ ಕೇಸಿಗೆ ಅಂತ ಬರುತ್ತಾರೆ. ಗಂಡನ ಮನೆಯವರ ಮೇಲೆ ಕೇಸು ಹಾಕಿದ ಹೆಣ್ಣುಮಗಳು, ಅಣ್ಣತಮ್ಮಂದಿರ ಮೇಲೆ ಹೊಲದ ವ್ಯಾಜ್ಯ ಹೂಡಿದವನು. ಎದುರು ಪಕ್ಷದವರೂ ಅದೇ ದಿನ ಅದೇ ಊರಿನಲ್ಲಿ ಇರುತ್ತಾರೆ, ಕೆಲವೊಮ್ಮೆ ಅದೇ ಲಾಡ್ಜಿನಲ್ಲಿ. ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆ ಅಂತ ಒಬ್ಬೊಬ್ಬರೇ ಬರುವ ಹುಡುಗಿಯರಿದ್ದಾರೆ. ಮಕ್ಕಳಾಗಲಿಲ್ಲ ಅಂತ ಡಾಕ್ಟರಿಗೆ ತೋರಿಸಲು ಊರಲ್ಲಿ ಯಾರಿಗೂ ಹೇಳದೆ ಬಂದ ಗಂಡ ಹೆಂಡತಿ ಇದ್ದಾರೆ. ಮೈಮನಸ್ಸು ಕುಗ್ಗಿದ ಹೊತ್ತಲ್ಲೇ ಹೆಚ್ಚಿನವರು ಇಲ್ಲಿ ಒಂದು ರಾತ್ರಿ ಕಳೆಯುತ್ತಾರೆ. ಅಂಥವರ ರೂಮ್ ನಂಬರ್ ಕೂಗುವುದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್‌ನಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಲಾಡ್ಜಿನ ರೂಮಿನಲ್ಲಿದ್ದ ಒಂದು ಜೋಡಿಯ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. ಹೊಡೆಯುತ್ತಲೇ ಮೊಬೈಲಿನಲ್ಲಿ ವಿಡಿಯೊ ಮಾಡಿತು. ಆ ವಿಡಿಯೊ ಊರೂರು ಹರಿದಾಡಿತು. ಆಮೇಲೆ ಆ ಹೆಣ್ಣುಮಗಳು ತನ್ನನ್ನು ಅಲ್ಲಿಂದ ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು ಅಂತ ಹೇಳಿಕೆ ಕೊಟ್ಟಳು. ಒಳಗೆ ಯಾರಿದ್ದಾರೆ ಅನ್ನುವ ಸುದ್ದಿ ಆ ಗುಂಪಿಗೆ ಹೇಗೋ ಮುಟ್ಟಿತ್ತು. ಅದು ಮುಟ್ಟಿದ ದಾರಿ ಯಾವುದೇ ಇರಲಿ, ಅಂಥ ಸುದ್ದಿ ಹೊರಗೆ ಹೋಗಬಹುದಾದ ಒಂದೊಂದು ಕಿಂಡಿಯನ್ನೂ ಮುಚ್ಚಬೇಕಲ್ಲವಾ? ನಾನು ರಿಜಿಸ್ಟರಿನಲ್ಲಿ ಆ ಹುಡುಗಿಯ ಸಾಲು ನೋಡಿದಾಗ ಮೊದಲು ನೆನಪಾದದ್ದು ಹಾನಗಲ್.

ಅವ್ವನ ಸೆರಗಿನ ಘಟನೆ ಆದ ಸಂಜೆ ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. ಜಗಳ ಮಾಡಲಿಲ್ಲ. ಟಿವಿ ಯಾಕೆ ಹೊರಗೆ ಹಾಕಿದ್ದೀರಿ ಅಂತ ಕೇಳಿದೆ.

"ಕಳ್ಳರಿಗೆ ಅಂಜಿಕಿ ಇರ್ಲಿ ಅಂತ್ರಿ ಸರ್. ಕ್ಯಾಮೆರಾ ಐತಿ ಅಂತ ಕಾಣಬೇಕಲ್ರಿ."

"ನಮ್ಮ ಅವ್ವನೂ ಕಂಡಳಲ್ರಿ ಅದರಾಗ."

ಅವರು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ಅಂದರು: "ನಮ್ಮ ಕಷ್ಟಾನೂ ಕೇಳ್ರಿ. ರೂಮಿನ್ಯಾಗ ಏನರ ಆತಂದ್ರ ಪೊಲೀಸರು ಮೊದಲ ಹಿಡಿಯೋದು ನಮ್ಮನ್ನ. ಫುಟೇಜ್ ಕೊಡು, ಆಧಾರ್ ಕೊಡು ಅಂತಾರ. ಇಲ್ಲಂದ್ರ ನಮ್ಮ ಕಥಿ ಮುಗೀತು. ಹತ್ತ ಸಾವಿರ ಪಗಾರಿನವ ನಾನು. ಠಾಣೆಕ್ಕ ಅಡ್ಡಾಡಾಕ ಆಗತೈತೇನ್ರಿ?"

ಅವರ ಮಾತು ಖರೆ. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತೆಯ ಕಾನೂನೇ ಇದೆ. ಜಾಸ್ತಿ ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಹಾಕಬೇಕು, ಚಿತ್ರವನ್ನು 30 ದಿನ ಇಟ್ಟಿರಬೇಕು ಅಂತ ಅದು ಹೇಳುತ್ತದೆ. ಕ್ಯಾಮೆರಾದಿಂದ ಉಪಕಾರವೂ ಇದೆ. ಅದೇ ಲಾಡ್ಜಿನಲ್ಲಿ ಅವ್ವನ ಔಷಧಿ, ಆಸ್ಪತ್ರೆ ಫೈಲ್ ಇದ್ದ ಚೀಲ ಸೋಫಾದ ಹತ್ತಿರ ಬಿಟ್ಟು ಮರೆತಿದ್ದೆ. ಹಿಂದಕ್ಕೆ ಓಡಿಸಿ ನೋಡಿದರು. ಮೂರನೇ ಮಹಡಿಯಲ್ಲಿದ್ದವರು ತಮ್ಮದು ಅಂತ ತಿಳಿದು ಎತ್ತಿಕೊಂಡು ಹೋಗಿದ್ದರು. ಹತ್ತು ನಿಮಿಷದಲ್ಲಿ ಚೀಲ ಸಿಕ್ಕಿತು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಬಾಂಬ್ ಇಟ್ಟವನ ಜಾಡು ಹಿಡಿಯಲು ನೆರವಾದದ್ದು ಸಿಸಿಟಿವಿ. ಏಪ್ರಿಲ್ 12ರಂದು ಆರೋಪಿಗಳು ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದಾಗ ಬೇರೆ ಹೆಸರು ಹೇಳಿಕೊಂಡು ಉಳಿದಿದ್ದರು. ಅಂದರೆ ಕ್ಯಾಮೆರಾ ಕೆಲಸ ಮಾಡಿತು, ಕೌಂಟರಿನಲ್ಲಿ ತೋರಿಸುವ ಗುರುತಿನ ಚೀಟಿ ಮಾಡಲಿಲ್ಲ. ಹಾಗಾಗಿ ಬಾಗಿಲು, ಮೆಟ್ಟಿಲು, ಲಿಫ್ಟ್, ಗಾಡಿ ನಿಲ್ಲಿಸುವ ಜಾಗ, ಇಲ್ಲೆಲ್ಲ ಕ್ಯಾಮೆರಾ ಇರಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಕಾರಿಡಾರಿನಲ್ಲೂ ಇರಲಿ. ಬಾಗಿಲು ತೆರೆದಾಗ ರೂಮಿನ ಒಳಗು ಕಾಣದ ಹಾಗೆ ಕೋನ ತಿರುಗಿಸಿದರೆ ಸಾಕು.

ನನ್ನ ಪ್ರಶ್ನೆ 31ನೇ ದಿನದ್ದು. 30 ದಿನ ಇಡು ಅಂದರೆ ಎಲ್ಲರಿಗೂ ತಿಳಿಯುತ್ತದೆ. ಆಮೇಲೆ? ಕ್ಯಾಮೆರಾದ ಚಿತ್ರ ಕೂಡಿಡುವ ಡಿವಿಆರ್ ಪೆಟ್ಟಿಗೆಯ ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಸಣ್ಣ ಡಿಸ್ಕ್ ಇದ್ದರೆ ಬೇಗ ಅಳಿಯುತ್ತದೆ, ದೊಡ್ಡದಿದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಂದರೆ ನಿಮ್ಮ ಮುಖ ಎಷ್ಟು ದಿನ ಉಳಿಯಬೇಕು ಅಂತ ತೀರ್ಮಾನಿಸುವುದು ಅಂಗಡಿಯವನು ಮಾರಿದ ಡಿಸ್ಕ್. ಜೊತೆಗೆ, ಡಿಸ್ಕಿನಿಂದ ಅಳಿದರೂ ಮೊಬೈಲಿನಿಂದ ಅಳಿಯುವುದಿಲ್ಲ. ವಾಟ್ಸಾಪಿನಲ್ಲಿ ಬರುವ ಸಿಸಿಟಿವಿ ವಿಡಿಯೊಗಳನ್ನು ಸರಿಯಾಗಿ ನೋಡಿ. ಚಿತ್ರ ಅಲುಗಾಡುತ್ತಿರುತ್ತದೆ, ಪರದೆಯ ಮೇಲೆ ಗೆರೆ ಓಡುತ್ತಿರುತ್ತವೆ. ಟಿವಿ ಮುಂದೆ ನಿಂತು ಯಾರೋ ಮೊಬೈಲಿನಲ್ಲಿ ಹಿಡಿದಿದ್ದು ಅದು. ಇಂಥದ್ದಕ್ಕೆ ಕಂಪ್ಯೂಟರ್ ಕಳ್ಳನ ಅಗತ್ಯವೇ ಇಲ್ಲ. ಟಿವಿ ಹೊರಗಿದ್ದರೆ ಚಹಾ ತರುವ ಹುಡುಗನ ಕೈಯಲ್ಲೂ ಅದು ಆಗುತ್ತದೆ.

ಕಂಪ್ಯೂಟರ್ ಕಳ್ಳರೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾ ಚಿತ್ರಗಳು ಹೊರಗೆ ಬಂದವು. ಡಾಕ್ಟರ್ ತಪಾಸಣೆ ಮಾಡುವ ಕೋಣೆಯ ಚಿತ್ರಗಳು. ಅವುಗಳನ್ನು ಟೆಲಿಗ್ರಾಂನಲ್ಲಿ ಹಣಕ್ಕೆ ಮಾರುತ್ತಿದ್ದರು. ಯಾರು ಬೇಕಾದರೂ ಊಹಿಸಬಹುದಾದ ಪಾಸ್‌ವರ್ಡ್ ಇದ್ದದ್ದೇ ಅದಕ್ಕೆ ದಾರಿಯಾಯಿತು. ಹುಬ್ಬಳ್ಳಿಯಲ್ಲಿ ನಾನು ಕೇಳಿದಾಗ, ಪಾಸ್‌ವರ್ಡ್ ಏನಿದೆ ಅಂತ ಮ್ಯಾನೇಜರಿಗೂ ಗೊತ್ತಿರಲಿಲ್ಲ. "ಕ್ಯಾಮೆರಾ ಕುಂದ್ರಿಸಿದವರಿಗೆ ಗೊತ್ತ್ರಿ" ಅಂದರು. ಅಂದರೆ ಕೀಲಿ ಇರುವುದು ಮನೆಯವರ ಹತ್ತಿರವೂ ಅಲ್ಲ.

ಅಮೆರಿಕದಲ್ಲಿ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ. ಇಡೀ ದೇಶಕ್ಕೆ ಅಂತ ಖಾಸಗಿತನದ ಒಂದು ಕಾನೂನು ಅಲ್ಲಿಲ್ಲ. ಒಂದು ದೊಡ್ಡ ಮೋಟೆಲ್ (ರಸ್ತೆ ಬದಿಯ ಲಾಡ್ಜ್) ಸರಣಿ ತನ್ನ ಗಿರಾಕಿಗಳ ಪಟ್ಟಿಯನ್ನು ವಲಸೆ ಅಧಿಕಾರಿಗಳಿಗೆ ಸುಮ್ಮನೆ ಕೊಡುತ್ತಿತ್ತು. ವಾಷಿಂಗ್ಟನ್ ರಾಜ್ಯ ಕೇಸು ಹಾಕಿ, 2019ರಲ್ಲಿ ಆ ಸರಣಿ 1.2 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಆದರೆ ಅಲ್ಲಿನ ಒಂದು ಕೇಸು ನನಗೆ ಬಹಳ ಹತ್ತಿರದ್ದು. ಅದನ್ನು ನಡೆಸಿದವರು ಮೋಟೆಲ್ ಇಟ್ಟುಕೊಂಡಿದ್ದ ಪಟೇಲ್ ಮನೆತನದವರು. ಲಾಸ್ ಏಂಜಲೀಸ್ ಊರಲ್ಲಿ ಒಂದು ನಿಯಮ ಇತ್ತು. ಹೋಟೆಲಿನವರು ಗಿರಾಕಿಗಳ ಹೆಸರು, ವಿಳಾಸ, ಗಾಡಿ ನಂಬರ್, ರೂಮ್ ನಂಬರ್ ಎಲ್ಲ ಬರೆದು 90 ದಿನ ಇಡಬೇಕು. ಪೊಲೀಸರು ಯಾವಾಗ ಕೇಳಿದರೂ ತೋರಿಸಬೇಕು. ಇಲ್ಲ ಅಂದರೆ ಆರು ತಿಂಗಳವರೆಗೆ ಜೈಲು, ಒಂದು ಸಾವಿರ ಡಾಲರ್ ದಂಡ. ಪಟೇಲರು ಇದನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್‌ವರೆಗೆ ಹೋದರು. 2015ರ ಜೂನ್ 22ರಂದು, ಐದು ನಾಲ್ಕರ ಅಂತರದಲ್ಲಿ, ಗೆದ್ದರು. ಪೊಲೀಸರು ಕೇಳಿದ್ದು ಸರಿಯೋ ತಪ್ಪೋ ಅಂತ ನೋಡಲು ಮೂರನೆಯವರೊಬ್ಬರ ಮುಂದೆ ಹೋಗುವ ಅವಕಾಶ ಹೋಟೆಲಿನವರಿಗೆ ಇರಬೇಕು ಅಂತ ಕೋರ್ಟ್ ಹೇಳಿತು. ಅಲ್ಲಿ ಗೆದ್ದದ್ದು ಗಿರಾಕಿಯ ಹಕ್ಕಲ್ಲ, ಪುಸ್ತಕ ಇಟ್ಟವನ ಹಕ್ಕು. ಆದರೂ ಲಾಡ್ಜ್ ನಡೆಸುವವನೊಬ್ಬ "ಇದು ನನ್ನ ಪುಸ್ತಕ, ಕೇಳಿದವರಿಗೆಲ್ಲ ತೋರಿಸಲ್ಲ" ಅಂದನಲ್ಲ, ಆ ಮಾತು ನನಗೆ ಮುಖ್ಯ. ನಮ್ಮ ಹುಬ್ಬಳ್ಳಿ ಮ್ಯಾನೇಜರ್ ಪೊಲೀಸರಿಗೆ ಹಾಗೆ ಹೇಳಲಿ ಅಂತ ನಾನು ಕೇಳುತ್ತಿಲ್ಲ. ಮುಂದಿನ ಗಿರಾಕಿಗಾದರೂ ತೋರಿಸದಿರಲಿ.

ರೂಮಿನೊಳಗೆ ಕದ್ದು ಇಟ್ಟ ಕ್ಯಾಮೆರಾದ ಬಗ್ಗೆಯೂ ಎರಡು ಮಾತು. ಅದು ಎಲ್ಲೋ ದೂರದ ಕಥೆ ಅಲ್ಲ, ಯಾವ ಊರಲ್ಲೂ ಆಗಬಹುದು. 2019ರಲ್ಲಿ ದಕ್ಷಿಣ ಕೊರಿಯಾದ 30 ಮೋಟೆಲ್‌ಗಳ 42 ರೂಮುಗಳಲ್ಲಿ ಇಂಥ ಕ್ಯಾಮೆರಾ ಸಿಕ್ಕವು. ಸುಮಾರು 1,600 ಜನರ ಚಿತ್ರ ಇಂಟರ್‌ನೆಟ್ಟಿನಲ್ಲಿ ನೇರವಾಗಿ ಹೋಗಿತ್ತು. ಟಿವಿ ಪೆಟ್ಟಿಗೆ, ಗೋಡೆಯ ಪ್ಲಗ್, ಕೂದಲು ಒಣಗಿಸುವ ಯಂತ್ರ ಇಡುವ ಜಾಗ, ಇಂಥ ಕಡೆ ಅಡಗಿಸಿದ್ದರು. ನಮ್ಮಲ್ಲಿ ಇದಕ್ಕೆ ಗಟ್ಟಿ ಕಾನೂನಿದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ, ಹೆಣ್ಣುಮಗಳ ಖಾಸಗಿ ಹೊತ್ತನ್ನು ಕದ್ದು ನೋಡಿದರೆ, ಚಿತ್ರ ತೆಗೆದರೆ ಮೊದಲ ಸಲವೇ ಒಂದರಿಂದ ಮೂರು ವರ್ಷ ಜೈಲು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುತ್ತದೆ. ಪ್ರವಾಸಿಗಳಿಗೆ ಜನರ ಮನೆಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ 2024ರ ಏಪ್ರಿಲ್ 30ರಿಂದ ತನ್ನ ಮನೆಗಳ ಒಳಗೆ ಕ್ಯಾಮೆರಾವನ್ನೇ ನಿಷೇಧಿಸಿದೆ, ತಿಳಿಸಿ ಇಟ್ಟರೂ ಬೇಡ ಅಂದಿದೆ. ನಾನು ಯಾವುದೇ ರೂಮಿಗೆ ಹೋದರೂ ಮೊದಲು ದೀಪ ಆರಿಸಿ, ಮೊಬೈಲ್ ಟಾರ್ಚ್ ಹಿಡಿದು ಹಾಸಿಗೆ, ಬಚ್ಚಲ ಕಡೆ ಮುಖ ಮಾಡಿದ ವಸ್ತುಗಳನ್ನು ನಿಧಾನಕ್ಕೆ ನೋಡುತ್ತೇನೆ. ಲೆನ್ಸ್ ಇದ್ದರೆ ಸಣ್ಣ ಚುಕ್ಕೆಯಾಗಿ ಹೊಳೆಯುತ್ತದೆ. ಎರಡು ನಿಮಿಷದ ಕೆಲಸ.

ಆಧಾರ್ ವಿಷಯ ಉಳಿಯಿತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಹೋಟೆಲ್, ಸಿನಿಮಾ ಮಂದಿರಗಳಂಥ ಖಾಸಗಿಯವರು ಆಧಾರ್ ಪ್ರತಿ ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ ಅಂತ ಅದರಲ್ಲಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು, ಜನ ತಪ್ಪು ಅರ್ಥ ಮಾಡಿಕೊಳ್ಳಬಹುದು ಅಂತ ಕಾರಣ ಕೊಟ್ಟಿತು. ನನಗೆ ಆಗಲೂ ಬೇಜಾರಾಗಿತ್ತು, ಈಗಲೂ ಇದೆ. ಪ್ರಕಟಣೆ ಹೋದರೂ ಅದರಲ್ಲಿ ಹೇಳಿದ್ದ ಮಾಸ್ಕ್ಡ್ ಆಧಾರ್ ಇದೆ. ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಕಾಣುವುದಿಲ್ಲ. ಅದನ್ನು ಕೊಡಿ. ನಾನು ಎರಡನೇ ದಿನ ಅದನ್ನೇ ತೆಗೆದು ತೋರಿಸಿದೆ. ಮ್ಯಾನೇಜರ್ ಅದನ್ನು ಮೊದಲ ಸಲ ನೋಡಿದ್ದಂತೆ, ಆದರೆ ಬೇಡ ಅನ್ನಲಿಲ್ಲ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದಿದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಮಾಹಿತಿ ಕಾಪಾಡಲು ಸೋತರೆ ದಂಡ 250 ಕೋಟಿ ರೂಪಾಯಿವರೆಗೆ ಇದೆ. ಆದರೆ ಹೆಸರೇ ಹೇಳುವಂತೆ ಅದು ಡಿಜಿಟಲ್ ಮಾಹಿತಿಗೆ. ವಾಟ್ಸಾಪಿಗೆ ಹೋದ ಆಧಾರ್ ಫೋಟೊ ಅದರ ಕೆಳಗೆ ಬರುತ್ತದೆ. ಕೌಂಟರಿನ ಮೇಲೆ ತೆರೆದಿಟ್ಟ ಕಾಗದದ ರಿಜಿಸ್ಟರ್ ಬರುವುದಿಲ್ಲ. ಗುಂಡಗಿನ ಅಕ್ಷರದ ಆ ಹುಡುಗಿಯನ್ನು ಈ ಕಾಯ್ದೆ ಕಾಯುವುದಿಲ್ಲ. ಅವಳನ್ನು ಕಾಯಬೇಕಾದವರು ಆ ಮ್ಯಾನೇಜರೇ.

ಹೊರಡುವ ದಿನ ಅವರಿಗೆ ಇದನ್ನೇ ಹೇಳಿದೆ. ಟಿವಿಯನ್ನು ಒಳಗಿನ ಕೋಣೆಗೆ ಹಾಕಿ. ಹೊರಗೆ ಬೋರ್ಡ್ ಹಾಕಿ, ಕಳ್ಳನಿಗೆ ಅಷ್ಟು ಅಂಜಿಕೆ ಸಾಕು. ಪಾಸ್‌ವರ್ಡ್ ಬದಲಿಸಿ, ನಿಮಗೆ ಮತ್ತು ಯಜಮಾನರಿಗೆ ಮಾತ್ರ ಗೊತ್ತಿರಲಿ. ಆಧಾರ್‌ಗೆ ಲಾಡ್ಜಿನದ್ದೇ ಒಂದು ಫೋನ್ ಇಡಿ. ರೂಮ್ ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ. ಅವರು ಪ್ರತಿಯೊಂದಕ್ಕೂ "ಆತ್ರಿ" ಅಂದರು. ಯಜಮಾನರನ್ನು ಕೇಳಬೇಕು ಅಂತಲೂ ಅಂದರು.

ಅವ್ವನ ಇನ್ನೊಂದು ಕಣ್ಣಿನ ಆಪರೇಷನ್ ಬರುವ ತಿಂಗಳು ಇದೆ. ಅದೇ ಲಾಡ್ಜಿಗೆ ಹೋದ ವಾರ ಫೋನ್ ಮಾಡಿದೆ. ನನ್ನ ದನಿ ಗುರುತು ಹಿಡಿದರು.

"ಟಿವಿ ಒಳಗ ಹಾಕೇವ್ರಿ ಸರ್. ಯಜಮಾನ್ರೂ ಹೌದಂದ್ರು. ಅವ್ವಾರ ಕಣ್ಣು ಹೆಂಗದಾವು?"

"ಆರಾಮ ಅದಾವ್ರಿ. ರಿಜಿಸ್ಟರ್?"

"ಅದು ಹಂಗ ಐತ್ರಿ. ಪುಸ್ತಕ ಪೊಲೀಸರಿಗೂ ತೋರಿಸಬೇಕಲ್ರಿ, ಹೆಂಗ ಬದಲಿ ಮಾಡೋದು ತಿಳೀವಲ್ದು."

ಒಂದನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ರೂಮ್ ಹಿಡಿದಿದ್ದೇನೆ. ಆ ಪುಸ್ತಕದ ಅಳತೆಯನ್ನು ಅವರಿಂದಲೇ ಕೇಳಿ ಬರೆದುಕೊಂಡೆ. ದಪ್ಪ ರಟ್ಟಿನ ಹಾಳೆಯೊಂದನ್ನು ಅದೇ ಅಳತೆಗೆ ಕತ್ತರಿಸಿ, ನಡುವೆ ಒಂದು ಸಾಲಿನಷ್ಟು ಮಾತ್ರ ಕಿಂಡಿ ಬಿಟ್ಟಿದ್ದೇನೆ. ಪುಟದ ಮೇಲಿಟ್ಟರೆ ಬರೆಯುವವನಿಗೆ ತನ್ನ ಸಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಸೂಟ್‌ಕೇಸಿನಲ್ಲಿ ಅವ್ವನ ಸ್ವೆಟರ್ ಕೆಳಗೆ ಅದನ್ನು ಇಟ್ಟಾಗಿದೆ.